ಬಾದಾಮಿ ಹಾಲಿನಲ್ಲಿ ಅರೆದ ಗೋಲಿ

ಗುರಬಸಪ್ಪ ಕಾಕಾ,

ನಿನ್ನ ಅಣ್ಣನ ಮಗ ಶಂಕ್ರ್ಯಾ ಉಮರಗಾದಿಂದ ಶರಣು ಮಾಡಿ ಬರೆಯುತ್ತಿದ್ದೇನೆ. ನಿನಗೆ ಓದಲು ಬರುವುದಿಲ್ಲ, ಗೊತ್ತು. ಇದ್ದಾಗಲೂ ನಿನಗೆ ಬಂದ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ. ನಡುವೆ ಬೇಡದ ಮಾತು ಬಂದರೆ ನುಂಗಿಬಿಡುತ್ತಿದ್ದೆ. ನೀನು ಕಂಬಕ್ಕೆ ಒರಗಿ ಕೂತು, 'ಇಷ್ಟ ಏನೋ? ಅಷ್ಟುದ್ದ ಬರದಾರಲ್ಲೋ' ಎಂದು ಕೇಳುತ್ತಿದ್ದೆ. ಇವತ್ತು ಏನನ್ನೂ ನುಂಗುವುದಿಲ್ಲ. ಅಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕರೆ ಒಂದಕ್ಷರ ಬಿಡದೆ ಓದಿಸಿಕೋ. ಓದಿಸಿಕೊಂಡ ಮೇಲೆ ಬೈಯುವುದಿದ್ದರೆ ಬೈ. ನೀನು ನನ್ನನ್ನು ಒಮ್ಮೆಯೂ ಬೈದವನಲ್ಲ, ಅದೇ ನನಗೆ ಕಷ್ಟವಾಗಿದೆ.

ಮೊನ್ನೆ ಸೋಮವಾರ ಅಂಗಡಿಯಲ್ಲಿ ಬೆಲ್ಲದ ಪೆಂಟಿ ಬಿಚ್ಚುತ್ತಿದ್ದೆ, ಉದಗೀರದಿಂದ ಶೇಟಜಿಯ ಆಳು ಬಂದ. ಅದೇ ಶೇಟಜಿ, ಸುಗ್ಗಿ ಮುಗಿದ ಮೇಲೆ ಕಿಲ್ಲೆಯ ಗೋಡೆಯ ಬುಡದಲ್ಲಿ ಕುಸ್ತಿ ಇಡಿಸುವ ಅಡತಿ ವ್ಯಾಪಾರಿ, ನಿನ್ನ ಕೈಗೆ ಬೆಳ್ಳಿ ಕಡಗ ಹಾಕಿದವರು. ಈ ಸಲ ಕುಸ್ತಿಗೆ ಮೊದಲು ಪಂಚರು ಕೂಡುತ್ತಾರಂತೆ. ನಿನ್ನ ತಾಲೀಮು, ಆ ಗರಡಿಮನೆ, ಈಗ ನಾನು ನಡೆಸುತ್ತಿದ್ದೇನಲ್ಲ, ಆದ್ದರಿಂದ ನಾನೂ ಒಬ್ಬ ಪಂಚ. ಕೂಡುವುದು ಯಾಕೆ ಗೊತ್ತೇನು? ಪೈಲ್ವಾನರು ಗೋಲಿ ತಿಂದು ಕಣಕ್ಕಿಳಿಯಬಹುದೋ ಬಾರದೋ ಎಂದು ತೀರ್ಮಾನ ಮಾಡಲಿಕ್ಕೆ.

ನಿನ್ನ ಕಾಲದಲ್ಲಿ ಸೆರಗಿನ ಮರೆಯಲ್ಲಿದ್ದದ್ದು ಈಗ ಪೇಟೆಯಲ್ಲಿ ರಾಜಾರೋಷವಾಗಿ ನಡೆದಿದೆ, ಕಾಕಾ. ಅಫೀಮು, ಕಾಸರಕದ ವಿಷಬೀಜ, ಇನ್ನೂ ಏನೇನೋ ಕೂಡಿಸಿ ಅರೆದ ಗೋಲಿ. ತಿಂದವನಿಗೆ ದಣಿವು ಗೊತ್ತಾಗುವುದಿಲ್ಲ, ನೋವು ಗೊತ್ತಾಗುವುದಿಲ್ಲ, ಅಂಜಿಕೆ ಎಂಬುದಂತೂ ಇಲ್ಲವೇ ಇಲ್ಲ. ಹೋದ ವರ್ಷ ಒಬ್ಬ ತರುಣ ಗೆದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು, ಹಲಗಿ ಬಾರಿಸುತ್ತಿದ್ದರು. ಹೆಗಲ ಮೇಲೆಯೇ ಅವನ ಮೈ ಸೆಟೆಯಿತು. ಕೆಳಗಿಳಿಸುವಷ್ಟರಲ್ಲಿ… ಅವನ ತಾಯಿ ಗುಂಪಿನ ಹಿಂದೆ ನಿಂತು ಇನ್ನೂ ನಗುತ್ತಿದ್ದಳು. ಅವಳಿಗೆ ಯಾರು ಹೇಳಬೇಕು ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಆಳು ಹೋದ ಮೇಲೆ ನಿನ್ನ ಮಗ ಸಿದ್ರಾಮ ತಾಲೀಮಿನಿಂದ ಬಂದ. ಅವನಿಗೆ ಇಪ್ಪತ್ತಮೂರು ತುಂಬಿತು. ಎದೆ ನಿನ್ನದು, ಸಿಟ್ಟು ಅವನ ಅವ್ವ, ನಮ್ಮ ಕಾಕುವಿನದು. ಈ ಸಲ ಗೆದ್ದವನನ್ನು ಜಾಗೀರದಾರರು ತಮ್ಮ ಪೈಲ್ವಾನನೆಂದು ಇಟ್ಟುಕೊಳ್ಳುತ್ತಾರಂತೆ. ತುಪ್ಪ, ಬಾದಾಮಿ, ಇರಲಿಕ್ಕೆ ಮನೆ, ಎಲ್ಲಾ ಅವರದೇ. ಸಿದ್ರಾಮನಿಗೆ ಅದೊಂದೇ ಧ್ಯಾನ. ಮೈಮೇಲಿನ ಮಣ್ಣು ಉದುರಿಸುತ್ತ ನನ್ನೆದುರು ಕೂತ.

'ಅಣ್ಣಾ, ಈ ಸಲ ಎಲ್ಲಾರೂ ತಿಂದು ಇಳಿಯವ್ರ ಅದಾರ. ನಾ ಒಬ್ಬಾಂವ ರೊಟ್ಟಿ ತಿಂದು ಇಳೀಬೇಕೇನು?'

'ಬ್ಯಾಡ.'

'ಏನ್ ಬ್ಯಾಡ? ಇಳಿಯೋದ ಬ್ಯಾಡೋ, ತಿನ್ನೋದ ಬ್ಯಾಡೋ?'

'ತಿನ್ನೋದ ಬ್ಯಾಡೋ ಮಾರಾಯಾ. ಹೋದ ವರ್ಷ ಕಣ್ಣಾರೆ ನೋಡಿಲ್ಲೇನು?'

ಸಿದ್ರಾಮ ಅಂಗೈಯ ಮಣ್ಣು ತಿಕ್ಕಿದ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡವನಂತೆ ಎದ್ದ. 'ಆಯ್ತು ಬಿಡು. ನಮ್ಮಪ್ಪ ಏನೂ ತಿಂದಿದ್ದಿಲ್ಲ. ಮೂರು ದಿನದ ಜ್ವರದಾಗ ಎದ್ದು ಬಂದು ಹಾಲು ಕುಡದು ಗೆದ್ದಾನ. ನಾ ಅಂವನ ಮಗಾ ಇದೀನಿ. ನಾನೂ ತಿನ್ನಂಗಿಲ್ಲ.'

ಕಾಕಾ, ನಾನು ಬೆಲ್ಲದ ಪೆಂಟಿಯ ಕಡೆ ಮುಖ ತಿರುಗಿಸಿದೆ. ನೀನು ತಿಂದಿದ್ದೆ. ನಿನಗೆ ಗೊತ್ತಿಲ್ಲದೆ ತಿಂದಿದ್ದೆ. ತಿನ್ನಿಸಿದವನು ನಾನು.

ಹೇಳಿಬಿಟ್ಟೆ ನೋಡು. ಹದಿನೆಂಟು ವರ್ಷ ಆಯಿತು. ಬರೆದ ಮೇಲೆ ಎದ್ದು ಹೋಗಿ ಎರಡು ಸಲ ನೀರು ಕುಡಿದು ಬಂದೆ. ಅಂಗಡಿಗೆ ಬಂದವರು ಉಪ್ಪು ಕೇಳಿದರೆ ಸಕ್ಕರೆ ಕಟ್ಟಿಕೊಟ್ಟೆನಂತೆ, ಬೈದು ಹೋದರು.

ಆ ದಿನ ನೆನಪಿದೆಯಾ? ಉಮರಗಾದಿಂದ ಏಳು ಗಾಡಿ ಕಟ್ಟಿಕೊಂಡು ಹೊರಟಿದ್ದೆವು. ತೇರಣಾ ದಾಟುವಾಗಲೇ ನಿನಗೆ ಚಳಿ ಹತ್ತಿತು. ನಿಲಂಗಾದಲ್ಲಿ ಇಳಿದಾಗ ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಉದಗೀರ ಮುಟ್ಟುವುದರೊಳಗೆ ನಿನ್ನ ಕಾಲು ನಡುಗುತ್ತಿದ್ದವು. 'ಆಗಂಗಿಲ್ಲೋ ಶಂಕ್ರ್ಯಾ, ಈ ಸಲ ಮಾರುತಿಗೆ ಬಿಟ್ಟು ಕೊಡೋಣು. ಅಂವನೂ ಚಲೋ ಪೈಲ್ವಾನ ಅದಾನ' ಎಂದು ನಗುತ್ತಲೇ ಹೇಳಿದ್ದೆ. ಶಿರೂರ ಅನಂತಪಾಳದ ಮಾರುತಿಗೂ ನಿನಗೂ ಎರಡು ಸಲ ಸಮ ಆಗಿತ್ತು, ಮೂರನೆಯದು ಅದು. ಸೋತರೆ ಸೋಲುತ್ತಿದ್ದೆ. ನಿನಗೆ ಅದರ ದುಃಖವೇ ಇರಲಿಲ್ಲ. ದುಃಖ ಇದ್ದದ್ದು ನನಗೆ. ಯಾಕೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ನನಗೆ ಮದುವೆಗೆ ಗೊತ್ತು ಮಾಡಿದ್ದ ಹೆಣ್ಣಿನ ಅಪ್ಪ, ನಿಲಂಗಾದ ಅರಿವೆ ವ್ಯಾಪಾರಿ, ತನ್ನ ಬೀಗರನ್ನೆಲ್ಲ ಕರೆದುಕೊಂಡು ಮುಂದಿನ ಸಾಲಿನಲ್ಲಿ ಬಂದು ಕೂತಿದ್ದ. ಅವರೆದುರು ನನ್ನ ಕಾಕಾ ಬೆನ್ನು ಮಣ್ಣಿಗೆ ಹಚ್ಚಬಾರದು. ಇಷ್ಟೇ ಕಾರಣ. ಇಷ್ಟಕ್ಕೇ.

ಕಿಲ್ಲೆಯ ದಾರಿಯಲ್ಲಿ ಜಡಿಬೂಟಿ ಹರಡಿಕೊಂಡು ಒಬ್ಬ ಕೂತಿದ್ದ. ಯಾವೂರಿನವನೋ ಏನೋ, ಆಮೇಲೆ ಹುಡುಕಿದರೂ ಸಿಗಲಿಲ್ಲ. ಅವನ ಗೋಲಿ ತಂದು ನಿನ್ನ ಬಾದಾಮಿ ಹಾಲಿನಲ್ಲಿ ಅರೆದೆ. ಕೈ ನಡುಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನಲ್ಲಿ ಆಗ ಒಂದು ಲೆಕ್ಕಾಚಾರ ಇತ್ತು, ಕಾಕಾ. ನೀನು ಕೊರಳಿನ ಲಿಂಗಕ್ಕೆ ತೋರಿಸದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವವನಲ್ಲ. ಈ ಹಾಲನ್ನೂ ಲಿಂಗಕ್ಕೆ ಅರ್ಪಿಸುತ್ತೀ. ಅರ್ಪಿಸಿದ ಮೇಲೆ ಅದು ಹಾಲೂ ಅಲ್ಲ, ಗೋಲಿಯೂ ಅಲ್ಲ, ಪ್ರಸಾದ. ಪ್ರಸಾದದಲ್ಲಿ ವಿಷ ಎಲ್ಲಿರುತ್ತದೆ? ದೋಷ ಎಲ್ಲಿರುತ್ತದೆ? ನಾನು ಹೀಗೆ ಯೋಚಿಸಿದೆ. ಕೆಟ್ಟವನಾಗಿ ಯೋಚಿಸಲಿಲ್ಲ, ಭಕ್ತನಾಗಿ ಯೋಚಿಸಿದೆ, ಅದೇ ಕೆಟ್ಟದ್ದು. ನೀನು ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಲೋಟ ತೋರಿಸಿದೆ. ಕುಡಿದೆ. 'ಸ್ವಲ್ಪ ಕಹಿ ಆಗ್ಯದಲ್ಲೋ' ಎಂದೆ. 'ಜ್ವರದ ಬಾಯಿ ಕಾಕಾ' ಎಂದೆ ನಾನು.

ಆಮೇಲೆ ಆದದ್ದು ಊರಿಗೆಲ್ಲ ಗೊತ್ತು. ನೀನು ಕಣಕ್ಕಿಳಿದಾಗ ನಿನ್ನ ಕಣ್ಣು ನಿನ್ನದಾಗಿರಲಿಲ್ಲ. ಮಾರುತಿಯನ್ನು ಎತ್ತಿ ಒಗೆದೆ. ಅವನು ಚಿತ್ ಆದ. ಹಲಗಿ ಎದ್ದಿತು, ಜನ ರುಮಾಲು ಹಾರಿಸಿದರು. ನೀನು ಮಾತ್ರ ಬಿಡಲಿಲ್ಲ. ಅವನ ಬಲಗೈ ನಿನ್ನ ಕಂಕುಳಲ್ಲಿತ್ತು. ಎಳೆಯುತ್ತಲೇ ಇದ್ದೆ. 'ಗುರಬಸಪ್ಪಾ, ಬಿಡೋ! ಗೆದ್ದಿ, ಬಿಡೋ!' ಎಂದು ಶೇಟಜಿ ಕೂಗಿದರು. ಕೊನೆಗೆ ನಾಲ್ಕು ಮಂದಿ ಸೇರಿ ನಿನ್ನನ್ನು ಕಿತ್ತರು. ಅದಕ್ಕೆ ಮೊದಲೇ ನನಗೆ ಕಟಕ್ ಎಂದು ಕೇಳಿಸಿತ್ತು. ಮಾರುತಿಯ ಆ ಕೈ ಮತ್ತೆ ಮೇಲೇಳಲಿಲ್ಲ.

ನೀನೂ ಮತ್ತೆ ಕಣಕ್ಕಿಳಿಯಲಿಲ್ಲ. ಕಲಿಸಿದೆ, ಆದರೆ ಯಾರ ಮೈಯನ್ನೂ ಜೋರಾಗಿ ಹಿಡಿಯಲಿಲ್ಲ. ಪ್ರತಿ ವರ್ಷ ರಾಶಿ ಆದ ಮೇಲೆ ಹಸನು ಮಾಡಿದ ಒಂದು ಚೀಲ ಜೋಳ ಗಾಡಿಗೆ ಹಾಕಿಕೊಂಡು ಶಿರೂರಕ್ಕೆ ಹೋಗಿ ಮಾರುತಿಯ ಅಂಗಳದಲ್ಲಿ ಇಳಿಸಿ ಬರುತ್ತಿದ್ದೆ. ನನ್ನ ಮಗಳು ಹುಟ್ಟಿದಾಗ ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಕೂಸನ್ನು ನಿನ್ನ ಕೈಗೆ ಕೊಡಲು ಬಂದರೆ ನೀನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. 'ಬ್ಯಾಡ್ರಿ ಯವ್ವಾ, ನನ್ನ ಕೈ ನಂಬಬ್ಯಾಡ್ರಿ. ಇದರಾಗ ಒಂದು ಪಿಶಾಚಿ ಅದ.' ಹೆಂಗಸರು ನಕ್ಕರು. ನಾನೂ ನಕ್ಕೆ, ಕಾಕಾ. ಅಲ್ಲೇ ನಿಂತು ನಕ್ಕೆ. ನೀನು ಎತ್ತಿಕೊಳ್ಳಬಹುದಿತ್ತು. ಯಾರ ಕೂಸನ್ನಾದರೂ ಎತ್ತಿಕೊಳ್ಳಬಹುದಿತ್ತು.

ಒಮ್ಮೆ ಮಠದ ಅಯ್ಯನವರನ್ನು ಸುತ್ತುಬಳಸಿ ಕೇಳಿದ್ದೆ. ಯಾರೋ ಒಬ್ಬರು, ಇನ್ನೊಬ್ಬರಿಗೆ, ಗೊತ್ತಿಲ್ಲದ ಹಾಗೆ, ಲಿಂಗಕ್ಕೆ ತೋರಿಸುವ ಪದಾರ್ಥದಲ್ಲಿ… ಅಯ್ಯನವರು ನನ್ನ ಮುಖವನ್ನೇ ನೋಡಿದರು. 'ಅರ್ಪಿಸಾಂವ ತಿಳದು ಅರ್ಪಿಸಬೇಕಪ್ಪಾ. ಏನು ಕೊಡಲತ್ತೀನಿ ಅಂಬೋದು ಅಂವಗ ಗೊತ್ತಿಲ್ಲಂದ್ರ ಅದು ಅರ್ಪಣ ಹ್ಯಾಂಗ ಆಗ್ತದ? ಬೆರಸಿದಾಂವ ಲಿಂಗಕ್ಕೂ ಮೋಸ ಮಾಡ್ದ, ಮನಷಾಗೂ ಮೋಸ ಮಾಡ್ದ' ಎಂದರು. ನನ್ನ ಭಕ್ತಿಯ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಮೂರು ವರ್ಷದ ಹಿಂದೆ ನೀನು ಹೋಗುವ ಮೊದಲಿನ ಮಧ್ಯಾಹ್ನ. ಕಾಕು ಗಂಜಿ ತರಲು ಒಳಗೆ ಹೋಗಿದ್ದಳು. ನೀನು ನನ್ನ ಕೈ ಹಿಡಿದೆ. 'ಶಂಕ್ರ್ಯಾ, ಅವತ್ತ ನನಗೇನಾಗಿತ್ತೋ?' ಯಾವತ್ತು ಎಂದು ಕೇಳುವ ಅಗತ್ಯ ಇರಲಿಲ್ಲ. 'ಏನಾಗಿಲ್ಲ ಕಾಕಾ. ಸಿಟ್ಟು ಬಂದಿತ್ತು.' 'ಸಿಟ್ಟು ಬಂದಿದ್ದಿಲ್ಲೋ. ಮಾರುತಿ ಮ್ಯಾಲ ನನಗ್ಯಾಕ ಸಿಟ್ಟು ಬರ್ತದ? ಅದ ತಿಳಿವಲ್ದು ನೋಡು' ಎಂದೆ. ಬಾಯಿ ತುದಿಗೆ ಬಂದಿತ್ತು, ಕಾಕಾ. ಅಷ್ಟರಲ್ಲಿ ಕಾಕು ಗಂಜಿ ತಂದಳು. ಕಾಕು ಬಂದಳು ಎಂದು ಸುಮ್ಮನಾದೆನೋ, ಸುಮ್ಮನಾಗಲಿಕ್ಕೆ ಕಾಕು ಬರಲಿ ಎಂದು ಕಾಯುತ್ತಿದ್ದೆನೋ?

ಈಗ ಹೇಳು, ಏನು ಮಾಡಲಿ? ಗೋಲಿ ಬೇಡ ಎನ್ನುವವರೆಲ್ಲ ನಿನ್ನ ಹೆಸರನ್ನೇ ಹಿಡಿದುಕೊಂಡು ಕೂತಿದ್ದಾರೆ. 'ಗುರಬಸಪ್ಪ ಬರೇ ಹಾಲು ಕುಡದು ಗೆಲ್ಲಲಿಲ್ಲೇನು?' ನಾನು ನಿಜ ಹೇಳಿದರೆ ಅವರ ಕಾಲ ಕೆಳಗಿನ ನೆಲವೇ ಹೋಗುತ್ತದೆ, ಗೋಲಿಯವರು ಗೆಲ್ಲುತ್ತಾರೆ. ಸಿದ್ರಾಮ ತಿನ್ನದೆ ಇರುವುದೂ ನಿನ್ನ ಮೇಲಿನ ನಂಬಿಕೆಯಿಂದಲೇ. ಅದನ್ನು ಕಿತ್ತರೆ ಅವನು ತಿನ್ನುತ್ತಾನೆ, ಹೋದ ವರ್ಷದ ಆ ತರುಣನಂತೆ… ಬೇಡ, ಅದನ್ನು ಬರೆಯುವುದಿಲ್ಲ. ಸುಮ್ಮನಿದ್ದರೆ ಹುಡುಗ ಉಳಿಯುತ್ತಾನೆ. ಆದರೆ ಸುಳ್ಳಿನ ಮೇಲೆ ಉಳಿಯುತ್ತಾನೆ. ಸುಳ್ಳಾದರೂ ಸರಿ, ಉಳಿಯಲಿ ಎಂದು ಒಂದು ಮನಸ್ಸು. ಹಾಗೆಂದು ಹೇಳಿಯೇ ಅಲ್ಲವೇ ಹದಿನೆಂಟು ವರ್ಷ ಕಳೆದದ್ದು, ಎಂದು ಇನ್ನೊಂದು. ಎತ್ತುಗಳಿಗೆ ಹೊಟ್ಟು ಹಾಕಿ ಬಂದೆ. ಬೆಳಗಾದರೆ ಗಾಡಿ ಹೂಡಬೇಕು. ಸಿದ್ರಾಮ ಅಂಗಳದಲ್ಲಿ ಬೈಠಕ್ ಹೊಡೆಯುತ್ತಿದ್ದಾನೆ, ಎಣಿಸುವುದು ಕೇಳಿಸುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ

ಹನ್ನೊಂದು ದಿನವಾದ ಮೇಲೆ ಮತ್ತೆ ಕೂತಿದ್ದೇನೆ. ಮೇಲಿನ ಸಾಲು ಅರ್ಧಕ್ಕೆ ನಿಂತಿದೆ, ಇಲ್ಲದಿದ್ದರೆ ಏನು ಎಂದು ಬರೆಯಲು ಹೊರಟಿದ್ದೆನೋ ಈಗ ನೆನಪಿಲ್ಲ.

ಪಂಚರು ಕೂಡಿದ್ದು ಶೇಟಜಿಯ ಅಡತಿಯಲ್ಲಿ. ಕಡಲೆಯ ಚೀಲಗಳನ್ನು ಸರಿಸಿ ಜಮಖಾನೆ ಹಾಸಿದ್ದರು. ಶೇಟಜಿಗೆ ಈಗ ಕಿವಿ ಮಂದವಾಗಿದೆ, ಆದರೆ ದನಿ ಇನ್ನೂ ಹಾಗೇ ಇದೆ. ಜಾಗೀರದಾರರ ಕಡೆಯಿಂದ ಅವರ ಕಾರಭಾರಿ ಬಂದಿದ್ದ. ಮೂಲೆಯಲ್ಲಿ ಚೀಲಕ್ಕೊರಗಿ ಮಾರುತಿ ಕೂತಿದ್ದ. ಅವನೂ ಪಂಚನೆಂದು ನನಗೆ ಯಾರೂ ಹೇಳಿರಲಿಲ್ಲ, ಕಾಕಾ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ನನಗೆ ರಾಮರಾಮ ಹೇಳಿದ. ಸಿದ್ರಾಮ ಮತ್ತು ಬೇರೆ ಪೈಲ್ವಾನರು ಬಾಗಿಲಲ್ಲಿ ನಿಂತಿದ್ದರು.

ಮೊದಲು ಮಾತೆತ್ತಿದವನು ಕಾರಭಾರಿ. ಜಾಣ ಮನುಷ್ಯ. ಅವನ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ, ನೀನೇ ಕೇಳು.

'ನೋಡ್ರಿ, ಈಗ ಎಲ್ಲಾರೂ ಕದ್ದು ತಿನ್ನಲತ್ಯಾರ. ಕದ್ದು ತಿಂಬೋದ್ರಾಗ ಏನು ಬಂತು? ಬಿಚ್ಚಿ ತಿನ್ನಲಿ. ಎಲ್ಲಾರೂ ತಿಂದ್ರಂದ್ರ ಸರಿಸಮಾನ ಆತು. ನೀವು ತುಪ್ಪ ತಿನ್ನಸಂಗಿಲ್ಲೇನು? ಬಾದಾಮ ತಿನ್ನಸಂಗಿಲ್ಲೇನು? ಅದೂ ಜೋರು ಬರ್ಲಂತನೇ ತಿನ್ನಸೋದು. ಗೋಲಿನೂ ಒಂದು ಖುರಾಕು. ಶ್ರೀಮಂತನ ಮಗಾ ಬಾದಾಮ ತಿಂದು ಬರ್ತಾನ. ಬಡವಾಂವ ಏನ್ ಮಾಡಬೇಕು? ಅಂವಗ ಗೋಲಿ ಒಂದೇ ಆಧಾರ.'

ಬಾಗಿಲಲ್ಲಿ ನಿಂತ ಇಬ್ಬರು ತಲೆಯಾಡಿಸಿದರು. ತುಪ್ಪಕ್ಕೂ ಗೋಲಿಗೂ ನಡುವೆ ಗೆರೆ ಎಲ್ಲಿದೆ? ನಿನಗೆ ನಾನು ಹಾಕಿದ್ದು ಎರಡೂ ಒಂದೇ ಲೋಟದಲ್ಲಲ್ಲವೇ?

ಶೇಟಜಿ ಕೆರಳಿದರು. 'ಅದೆಲ್ಲಾ ಹೇಳಬ್ಯಾಡ್ರಿ. ನನ್ನ ಕಣ್ಣ ಮುಂದ ಗುರಬಸಪ್ಪ ಜ್ವರದಾಗ ಇಳದು ಗೆದ್ದಾನ. ಅಂವಾ ಏನು ತಿಂದಿದ್ದ? ಇಲ್ಲೇ ಕುಂತಾನ ನೋಡ್ರಿ ಅವರ ಅಣ್ಣನ ಮಗಾ. ಹೇಳಪ್ಪಾ ಶಂಕ್ರಪ್ಪಾ, ನಿಮ್ಮ ಕಾಕಾ ಏನು ತಿಂದಿದ್ದ? ಹೇಳು ಇವ್ರಿಗೆ!'

ಸಿದ್ರಾಮ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖದಲ್ಲಿ ಅಷ್ಟು ಅಭಿಮಾನ! ಅದನ್ನು ನೋಡಿಯೇ ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಹೇಳಲೋ ಬೇಡವೋ ಎಂದು ಒದ್ದಾಡಿದ್ದೆ. ಆ ಹೊತ್ತಿಗೆ ಯೋಚನೆಯೇ ಬರಲಿಲ್ಲ, ಬಾಯಿಯೇ ಹೇಳಿತು.

'ಗೋಲಿ ತಿಂದಿದ್ದರ್ರೀ. ಹಾಲಿನಾಗ ನಾ ಅರದು ಹಾಕಿದ್ದೆ. ಅವರಿಗೆ ಗೊತ್ತಿದ್ದಿಲ್ಲ. ಸಾಯೋತನಕ ಗೊತ್ತಿದ್ದಿಲ್ಲ.'

ಕಡಲೆಯ ಚೀಲದ ಮೇಲೆ ಒಂದು ಗುಬ್ಬಿ ಕಾಳು ಕುಕ್ಕುತ್ತಿತ್ತು. ಶೇಟಜಿ 'ಏನಂದ? ಏನಂದ?' ಎಂದು ಪಕ್ಕದವನನ್ನು ಕೇಳಿದರು. ಅವರ ಕಿವಿಗೆ ಬಾಯಿಟ್ಟು ಅವನು ಇನ್ನೊಮ್ಮೆ ಹೇಳಬೇಕಾಯಿತು. ಕಾರಭಾರಿ ನಕ್ಕ. 'ನೋಡ್ರಿ ಮತ್ತ! ಗುರಬಸಪ್ಪನೂ ತಿಂದಾನ. ಇನ್ನ ಯಾರು ಉಳದ್ರು? ಮುಗೀತಲ್ಲ?'

ಸಿದ್ರಾಮ ನನ್ನ ಕಡೆ ನೋಡಲಿಲ್ಲ. 'ನಮ್ಮಪ್ಪಗ… ನೀನಾ?' ಎಂದಷ್ಟೇ ಅಂದು ಹೊರಗೆ ಹೋದ. ಅವನ ಹಿಂದೆ ಓಡಬೇಕೆಂದು ಎದ್ದೆ. ಆಗ ಮಾರುತಿ ಮಾತಾಡಿದ.

'ಕಾಯ್ ಸಾಂಗತೋಸ್, ಶಂಕ್ರಪ್ಪಾ? ಏನ್ ಹೇಳಲತ್ತಿ ನೀ? ಗುರಬಸಪ್ಪಗ ಗೊತ್ತೇ ಇದ್ದಿಲ್ಲಾ?'

'ಇಲ್ರಿ.'

ಅವನು ಬಹಳ ಹೊತ್ತು ತನ್ನ ಸತ್ತ ಕೈಯನ್ನೇ ಸವರಿದ. 'ಪ್ರತಿ ವರ್ಷ ಬರ್ತಿದ್ದ ಮಾರಾಯಾ. ಜೋಳ ಇಳಸ್ತಿದ್ದ, ನನ್ನ ಮುಂದ ತಲಿ ಬಾಗಿಸಿ ಕುಂದ್ರತಿದ್ದ, ಮಾತಿಲ್ಲ ಕತಿಯಿಲ್ಲ. ನಾ ಅಂವಗ ಒಂದು ಮಾತು ಹೇಳಬೇಕಂತಿದ್ದೆ. ನಾಚಿಕಿ ಬಂದು ಹೇಳಲಿಲ್ಲ. ಅವತ್ತ ನಾನೂ ತಿಂದಿದ್ದೆ. ತಿಳದೇ ತಿಂದಿದ್ದೆ. ಕೈ ಮುರದದ್ದು ನನಗ ಗೊತ್ತೇ ಆಗಲಿಲ್ರಿ. ನೋವೇ ಇದ್ದಿಲ್ಲ. ನಾ ಚೀರಿದ್ರ ಗುರಬಸಪ್ಪ ಬಿಡ್ತಿದ್ದ, ಎಂಥಾ ಅಮಲಿನಾಗ ಇದ್ದರೂ ಬಿಡ್ತಿದ್ದ, ಅಂವಾ ಅಂಥಾ ಮನಷಾ. ನಾ ಚೀರಲೇ ಇಲ್ಲ. ನಕ್ಕೋತ ಬಿದ್ದಿದ್ದೆ. ಸಂಜೀಕ ಅಮಲು ಇಳೀತು ನೋಡ್ರಿ, ಆವಾಗ ಚೀರಿದೆ. ಆವಾಗ ಯಾರು ಬಿಡಬೇಕು?'

ಕಾರಭಾರಿಯ ಕಡೆ ತಿರುಗಿದ. 'ಸರಿಸಮಾನ ಅಂದ್ರಿ ಅಲ್ಲ ಸಾಹೇಬ್ರ? ನಾವಿಬ್ರೂ ಸರಿಸಮಾನೇ ಇದ್ದೆವು. ಇಬ್ರೂ ತಿಂದಿದ್ದೆವು. ಏನಾತು ನೋಡ್ರಿ.' ಎಡಗೈಯಿಂದ ಬಲಗೈಯನ್ನು ಎತ್ತಿ ಬಿಟ್ಟ. ಅದು ತೊಡೆಯ ಮೇಲೆ ಧಪ್ಪೆಂದು ಬಿತ್ತು. 'ತುಪ್ಪ ತಿಂದಾಂವಗ ಮೈ ನೋಯ್ತದ್ರಿ. ನೋವಾದ್ರ ಸಾಕು ಅಂತಾನ. ಗೋಲಿ ತಿಂದಾಂವಗ ಸಾಕು ಅಂಬೋ ಮಾತೇ ಬರಂಗಿಲ್ಲ. ಇಷ್ಟೇ ಫರಕು. ಇಬ್ರಿಗೂ ಸಾಕು ಅನ್ನಾಕ ಬರಲಿಲ್ಲಂದ್ರ ಕಣದಾಗ ಸಾಕು ಅಂಬವ್ರು ಯಾರು? ನೀವೇನು? ನೀವು ರೊಕ್ಕಾ ಕೊಟ್ಟು ನೋಡಲಿಕ್ಕೆ ಬಂದವ್ರು.'

ನಾನು ಇಷ್ಟು ದಿನ ಅದಕ್ಕೇ ಅಂಜಿದ್ದೆ, ಕಾಕಾ, ನಿಜ ಹೇಳಿದರೆ ಗೋಲಿಯವರು ಗೆಲ್ಲುತ್ತಾರೆ ಎಂದು. ನನ್ನ ಬುದ್ಧಿಗಿಷ್ಟು! ನಿನ್ನ ಸುಳ್ಳು ಗೆಲುವಿಗಿಂತ ಅವನ ಮುರಿದ ಕೈ ದೊಡ್ಡ ಸಾಕ್ಷಿಯಾಯಿತು. ಸಂಜೆಯ ತನಕ ಜಗಳ ನಡೆಯಿತು. ಕೊನೆಗೆ ಎರಡು ಮಾತಿಗೆ ಒಪ್ಪಿದರು. ತಿಂದವನನ್ನು ಇಳಿಸಬಾರದು, ಇಳಿಯುವ ಮುನ್ನ ಒಬ್ಬೊಬ್ಬರನ್ನೂ ಮಾರುತಿ ನೋಡಬೇಕು, ತಿಂದ ಕಣ್ಣು ಅವನಿಗೆ ಗೊತ್ತು. ಮತ್ತೆ, ಕಣದಲ್ಲಿ ಯಾರು 'ಬಸ್', ಸಾಕು, ಎಂದರೂ ಹಿಡಿದವನು ಆ ಕ್ಷಣ ಕೈ ಬಿಡಬೇಕು, ಹಾಗೆ ಅಂದವನ ಮಾನ ಹೋಯಿತೆಂದು ಯಾರೂ ಆಡಬಾರದು. ಕಾರಭಾರಿ ಹೋಗುವಾಗ, 'ನಡೀಲಿ ಈ ವರ್ಷ. ಬರೋ ವರ್ಷ ನೋಡೋಣು' ಎಂದ. ಬೇರೆ ಊರುಗಳಲ್ಲಿ ತಿನ್ನುತ್ತಲೇ ಇದ್ದಾರೆ, ನಿನಗೆ ಸುಳ್ಳು ಹೇಳುವುದಿಲ್ಲ.

ಸಿದ್ರಾಮನನ್ನು ಕಿಲ್ಲೆಯ ಕಂದಕದ ಹತ್ತಿರ ಕಂಡೆ. ಹತ್ತಿರ ಹೋದರೆ ಕಲ್ಲು ಎತ್ತಿದ. 'ಬರಬ್ಯಾಡ. ನಮ್ಮಪ್ಪ ಪಿಶಾಚಿ ಪಿಶಾಚಿ ಅಂತ ತನ್ನ ಕೈ ತಾನೇ ಹೊಡಕೋತಿದ್ದ, ನೀ ನೋಡಕೋತ ಕುಂತಿದ್ದಿ.' ಅವನು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ಕುಸ್ತಿಯ ದಿನ ತನ್ನ ಹಾಲು ತಾನೇ ಕಾಸಿಕೊಂಡ. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅವನು ತಿಂದಿದ್ದಾನೋ ಇಲ್ಲವೋ, ನನಗೆ ಗೊತ್ತಿರಲಿಲ್ಲ, ಕಾಕಾ. ಆ ಬೆಳಗನ್ನು ಹೇಗೆ ಕಳೆದೆನೆಂದು ನನ್ನನ್ನು ಕೇಳಬೇಡ. ಒಂದು ಕಡೆ ಕೂತರೆ ಇರುವೆ ಕಡಿದಂತಾಗಿ ಏಳುತ್ತಿದ್ದೆ.

ಮಾರುತಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಗದ್ದ ಹಿಡಿದು ಕಣ್ಣು ನೋಡಿದ. ಇಬ್ಬರನ್ನು ವಾಪಸು ಕಳಿಸಿದ, ಅವರ ಕಡೆಯವರು ಕೂಗಾಡಿದರು. ಸಿದ್ರಾಮನ ಸರದಿ ಬಂತು. ಬಹಳ ಹೊತ್ತು ನೋಡಿದ. ಆಮೇಲೆ ಅವನ ಬೆನ್ನು ತಟ್ಟಿ, 'ಜಾ ಬಾಳಾ' ಎಂದು ಒಳಗೆ ಬಿಟ್ಟ. ನಾನು ನಿಂತಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ.

ಎದುರಿನವನು ಅವನಿಗಿಂತ ಭಾರ, ಪಟ್ಟಿನಲ್ಲೂ ಹುಷಾರ. ಸಿದ್ರಾಮ ಚೆನ್ನಾಗಿಯೇ ಆಡಿದ, ಎರಡು ಸಲ ಜಾರಿಕೊಂಡ. ಮೂರನೆಯ ಸಲ ಅವನ ಮೊಣಕಾಲು ಎದುರಿನವನ ಹಿಡಿತದಲ್ಲಿ ಸಿಕ್ಕು ತಿರುಗಿತು. ಮುಖ ಕಪ್ಪಿಟ್ಟಿತು. ಜನ 'ಹೊಡಿ! ಹೊಡಿ!' ಎಂದು ಅರಚುತ್ತಿದ್ದರು. ನಾನು ಒಳಗೊಳಗೇ ಅನ್ನುತ್ತಿದ್ದೆ, ಅನ್ನೋ ತಮ್ಮಾ, ಅನ್ನೋ, ಮಾನ ಸುಡಲಿ, ಬಾಯಿ ಬಿಟ್ಟು ಅನ್ನೋ… 'ಬಸ್!' ಎಂದು ಚೀರಿದ. 'ಬಸ್, ಬಸ್, ಯವ್ವಾ, ಬಸ್!' ಎದುರಿನವನು ಥಟ್ಟನೆ ಕೈ ಬಿಟ್ಟ. ಬಿಟ್ಟಿದ್ದಷ್ಟೇ ಅಲ್ಲ, ತಾನೇ ಹಿಡಿದು ಎಬ್ಬಿಸಿ ಕೂರಿಸಿದ. ಜನ ಸೀಟಿ ಹೊಡೆದರು, ಬಳೆ ಇಟ್ಟುಕೋ ಎಂದರು. ನಾನೊಬ್ಬ ಮುದಿಗೂಬೆ, ಎಲ್ಲರ ನಡುವೆ ಗೊಳೋ ಎಂದು ಅಳುತ್ತಿದ್ದೆ.

ಜಾಗೀರದಾರರ ಮನೆಗೆ ಎದುರಿನವನು ಹೋದ. ನಾವು ಸಿದ್ರಾಮನನ್ನು ಗಾಡಿಯಲ್ಲಿ ಮಲಗಿಸಿ, ಜೋಳದ ದಂಟಿನ ಕಡಬಿಯ ಮೇಲೆ ಅವನ ಕಾಲಿಟ್ಟು, ನಿಲಂಗಾ ದಾಟಿ ಊರಿಗೆ ಬಂದೆವು. ಎರಡು ದಿನದ ದಾರಿಯಲ್ಲಿ ಅವನು ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಕಾಕುವಿನ ಮುಂದೆ ಕೂತು ನಾನೇ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. 'ಸಾಯೋ ಮುಂಜಾನಿ ಸುದ್ದಾ ಅಂವಾ ಅದನೇ ಕೇಳ್ದ. ನಾ ಏನ್ ಹೇಳಲಿ? ನನಗೇನ್ ಗೊತ್ತಿತ್ತು?' ಎಂದಳು. ಊಟಕ್ಕೆ ಹಾಕುತ್ತಾಳೆ, ಮುಖ ನೋಡುವುದಿಲ್ಲ. ಅದು ನನಗೆ ಸಲ್ಲಬೇಕಾದದ್ದು. ಅವರಿಬ್ಬರೂ ಕ್ಷಮಿಸಲಿ ಎಂದು ನಾನು ಕೇಳುವುದಿಲ್ಲ, ನಿನ್ನನ್ನೂ ಕೇಳುವುದಿಲ್ಲ.

ನಿನಗೆ ಹೇಳಬೇಕಾದ್ದು ಇಷ್ಟೇ, ಕಾಕಾ. ಆ ಗೆಲುವು ನಿನ್ನದಲ್ಲ. ಆ ಪಾಪವೂ ನಿನ್ನದಲ್ಲ. ಎರಡನ್ನೂ ಉದಗೀರದಲ್ಲಿ ಎಲ್ಲರೆದುರು ನಿನ್ನಿಂದ ಇಳಿಸಿ ನಾನು ಹೊತ್ತುಕೊಂಡು ಬಂದಿದ್ದೇನೆ. ಇನ್ನು ಮೇಲೆ ಶಿರೂರಕ್ಕೆ ಜೋಳ ಹೋಗುವುದು ನನ್ನ ಹೆಸರಿನಲ್ಲಿ.

ಇನ್ನೊಂದು ಸುದ್ದಿ. ಸಿದ್ರಾಮ ಪಡಸಾಲೆಯಲ್ಲಿ ಮಲಗಿದ್ದಾನೆ. ಕಾಲು ಗಡಿಗೆಯಷ್ಟು ಬಾತಿದೆ. ಕಾಲು ನೆಟ್ಟಗಾಗುತ್ತದೆ, ಮೂಳೆ ಮುರಿದಿಲ್ಲ ಎಂದು ಎಲುಬು ಕೂಡಿಸುವವನು ನೋಡಿ ಹೇಳಿದ್ದಾನೆ. ಕಾಕು ಅರಿಶಿನ ಬಿಸಿ ಮಾಡಿ ಮೊಣಕಾಲಿಗೆ ಹಚ್ಚುತ್ತಿದ್ದಾಳೆ. ಅವಳು ಬೆರಳು ತಾಗಿಸಿದಾಗೊಮ್ಮೆ ಓಣಿಗೆಲ್ಲ ಕೇಳುವ ಹಾಗೆ 'ಯವ್ವಾ, ಸತ್ತೆ!' ಎಂದು ಚೀರುತ್ತಾನೆ. ಆಚೆ ಮನೆಯವರು ಬಂದು ಏನಾಯಿತೆಂದು ಕೇಳಿ ಹೋದರು. ನಾನು ಇಲ್ಲಿ ಕೂತು ಒಂದೊಂದು ಚೀರನ್ನೂ ಕೇಳಿಸಿಕೊಳ್ಳುತ್ತ ಬರೆಯುತ್ತಿದ್ದೇನೆ. ನಿನ್ನ ಮಗ ಸೋತು ಮನೆಗೆ ಬಂದಿದ್ದಾನೆ, ಕಾಕಾ. ಅವನಿಗೆ ನೋಯುತ್ತಿದೆ. ಚೆನ್ನಾಗಿ ನೋಯುತ್ತಿದೆ.

ನಿನ್ನ
ಶಂಕ್ರ್ಯಾ